ಚೀನೀ ಜನಪದ ಕಥನಗಳಲ್ಲಿ ಸ್ತ್ರೀತ್ವದ ಪರಿಕಲ್ಪನೆ: ಮುಕ್ತಾಯದ ರಾಜಕಾರಣ

ಚೀನಾದ ಹೆಣ್ಣಿನ ಬದುಕು ಕಳೆದ ನೂರು ವರ್ಷಗಳಲ್ಲಿ ಕಂಡ ಪಲ್ಲಟಗಳನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಕಾನೂನು, ಶಿಕ್ಷಣ, ದುಡಿಮೆ ಮತ್ತು ಜನಸಂಖ್ಯಾ ನೀತಿಗಳ ಸುತ್ತ ನಡೆಯುತ್ತದೆ. ಪಾದಬಂಧನದ ನಿಷೇಧ, 1950ರ ವಿವಾಹ ಕಾನೂನು, 1980ರಲ್ಲಿ ದೇಶವ್ಯಾಪಿಯಾದ ಒಂದೇ ಮಗುವಿನ ನೀತಿ ಇವು ಆ ಚರ್ಚೆಯ ಮೈಲಿಗಲ್ಲುಗಳು. ಇವುಗಳ ಮಹತ್ವವನ್ನು ಅಲ್ಲಗಳೆಯಲಾಗದು. ಆದರೆ ಹೆಣ್ಣೆಂದರೆ ಏನು, ಆಕೆ ಯಾವ ಮನೆಗೆ ಸೇರಿದವಳು, ಆಕೆಯ ದುಃಖಕ್ಕೆ ಬೆಲೆ ಉಂಟೇ ಎಂಬ ತಿಳಿವಳಿಕೆ ಒಂದು ಸಮುದಾಯದಲ್ಲಿ ರೂಪುಗೊಳ್ಳುವುದು ಶಾಸನಗಳಿಂದ ಮಾತ್ರವಲ್ಲ. ಕಥೆ, ಲಾವಣಿ, ಆಟ, ಅಳುವಿನ ಪದಗಳೂ ಈ ತಿಳಿವಳಿಕೆಯನ್ನು ಕಟ್ಟುತ್ತವೆ, ಕೆಡಹುತ್ತವೆ, ಮತ್ತೆ ಕಟ್ಟುತ್ತವೆ. ಚೀನಾದಲ್ಲಿ ಈ ಕಟ್ಟುವ ಕೆಡಹುವ ಕೆಲಸ ಬಹುಮಟ್ಟಿಗೆ ನಡೆದಿರುವುದು ಕಥೆಯ ಕೊನೆಯಲ್ಲಿ. ನಾಯಕಿಯ ಸಾಹಸ ಶತಮಾನಗಳುದ್ದಕ್ಕೂ ಹೆಚ್ಚು ಕಡಿಮೆ ಅದೇ ಆಗಿ ಉಳಿದಿದ್ದರೂ ಆ ಸಾಹಸದ ನಂತರ ಅವಳನ್ನು ಎಲ್ಲಿ ನಿಲ್ಲಿಸಬೇಕೆಂಬ ತೀರ್ಮಾನ ಮಾತ್ರ ಪದೇ ಪದೇ ಬದಲಾಗಿದೆ.

ಈ ಬಗೆಯ ಓದಿಗೆ ಕನ್ನಡ ಜಾನಪದ ಅಧ್ಯಯನದಿಂದಲೇ ದೊರೆಯುವ ಒಂದು ಸಾಧನವಿದೆ. ಎ. ಕೆ. ರಾಮಾನುಜನ್ (1929-1993) ಕರ್ನಾಟಕದಲ್ಲಿ ಸಂಗ್ರಹವಾದ ಹೆಂಗಸರ ಕಥೆಗಳನ್ನು ಪರಿಶೀಲಿಸುತ್ತಾ ಒಂದು ಮುಖ್ಯ ವ್ಯತ್ಯಾಸವನ್ನು ಗುರುತಿಸಿದರು. ಗಂಡು ಕೇಂದ್ರದಲ್ಲಿರುವ ಕಥೆಯಲ್ಲಿ ಹೆಣ್ಣು ಸಾಹಸಕ್ಕೆ ಸಲ್ಲುವ ಬಹುಮಾನ. ಮದುವೆಯೊಂದಿಗೆ ಕಥೆ ಮುಗಿಯುತ್ತದೆ. ಹೆಣ್ಣು ಕೇಂದ್ರದಲ್ಲಿರುವ ಕಥೆಯಲ್ಲಿ ಮದುವೆ ಬಹುಬೇಗ ಬರುತ್ತದೆ. ನಿಜವಾದ ಕಷ್ಟ ಆಮೇಲೆ ತೊಡಗುತ್ತದೆ. ಹೆಣ್ಣು ತನ್ನ ಕಥೆಯನ್ನು ತಾನೇ ಹೇಳಿಕೊಂಡು, ಅದನ್ನು ಕೇಳುವವರು ಸಿಕ್ಕಾಗ ಮಾತ್ರ ಆ ಕಷ್ಟಕ್ಕೆ ಪರಿಹಾರ. ಕಥೆಯ ಮುಕ್ತಾಯ ಎಲ್ಲಿದೆ ಎಂಬ ಪ್ರಶ್ನೆಯ ಹಿಂದೆ ಕಥೆ ಯಾರದು ಎಂಬ ಪ್ರಶ್ನೆ ಅಡಗಿದೆ ಎಂಬುದು ಈ ವಿವೇಚನೆಯ ಸಾರ. ಚೀನೀ ಕಥನಗಳಿಗೆ ಇದನ್ನು ಅನ್ವಯಿಸಿದಾಗ ಕೆಲವು ಪರಿಚಿತ ತೀರ್ಮಾನಗಳನ್ನು ಮರುಪರಿಶೀಲಿಸಬೇಕಾಗುತ್ತದೆ.

ಶಾಸ್ತ್ರದ ಹೆಣ್ಣು, ಮಗ್ಗದ ಹೆಣ್ಣು

ಚೀನೀ ಸ್ತ್ರೀತ್ವದ ಶಿಷ್ಟ ಮಾದರಿಗೆ ಅಕ್ಷರರೂಪ ಕೊಟ್ಟವರಲ್ಲಿ ಹಾನ್ ರಾಜವಂಶದ ಕಾಲದ ವಿದುಷಿ ಬಾನ್ ಝಾವೊ ಪ್ರಮುಖಳು. ಏಳು ಅಧ್ಯಾಯಗಳ ಆಕೆಯ 'ನ್ಯೂಜಿಯೆ' (ಹೆಣ್ಣುಮಕ್ಕಳಿಗೆ ಬುದ್ಧಿಮಾತು) ವಿನಯ, ಸಹನೆ ಮತ್ತು ಅತ್ತೆ ಮಾವಂದಿರ ಸೇವೆಗಳನ್ನು ಬೋಧಿಸುತ್ತದೆ. ಬಾಲ್ಯದಲ್ಲಿ ತಂದೆಗೆ, ಮದುವೆಯ ನಂತರ ಗಂಡನಿಗೆ, ವೈಧವ್ಯದಲ್ಲಿ ಮಗನಿಗೆ ಅಧೀನಳಾಗಿರಬೇಕೆಂಬ ಮೂರು ವಿಧೇಯತೆಗಳ ನಿಯಮ ಇನ್ನೂ ಪ್ರಾಚೀನವಾದ ಆಚಾರಗ್ರಂಥಗಳಿಂದ ಬಂದುದು. ಇಲ್ಲಿರುವ ವಿಪರ್ಯಾಸ ಗಮನಾರ್ಹ. ಅಣ್ಣ ಬಾನ್ ಗು ಅಪೂರ್ಣವಾಗಿ ಬಿಟ್ಟಿದ್ದ ಹಾನ್ ಚರಿತ್ರೆಯನ್ನು ಪೂರ್ಣಗೊಳಿಸಿದವಳು, ಅರಮನೆಯಲ್ಲಿ ರಾಣಿಯರಿಗೆ ಪಾಠ ಹೇಳಿದವಳು ಇದೇ ಬಾನ್ ಝಾವೊ. ಹೆಣ್ಣುಮಕ್ಕಳಿಗೂ ಓದು ಕಲಿಸಬೇಕೆಂಬ ವಾದ ಅದೇ ಗ್ರಂಥದಲ್ಲಿದೆ. ಎಂದರೆ ಶಾಸ್ತ್ರವೂ ಏಕಮುಖವಾದುದಲ್ಲ. ಅದನ್ನು ಬರೆದ ಕೈ ಅದರ ನಿಯಮವನ್ನು ಮೀರಿದ ಕೈಯಾಗಿತ್ತು.

ಶಾಸ್ತ್ರದ ಈ ಹೆಣ್ಣಿಗೆ ಎದುರಾಗಿ ಸಾಮಾನ್ಯವಾಗಿ ಇಡಲಾಗುವ ಹೆಸರು ಮುಲಾನ್. ಉತ್ತರದ ರಾಜವಂಶಗಳ ಕಾಲದ್ದೆಂದು (ಕ್ರಿ.ಶ. 386-581) ವಿದ್ವಾಂಸರು ಬಹುಮಟ್ಟಿಗೆ ಒಪ್ಪುವ, ಮುಂದೆ ಸೋಂಗ್ ಕಾಲದ ಗುವೊ ಮಾವೊಚಿಯಾನ್ ಸಂಕಲಿಸಿದ ಹಾಡುಗಳ ಸಂಗ್ರಹದಲ್ಲಿ ಉಳಿದುಬಂದ ಮುಲಾನ್ ಲಾವಣಿ ಮುನ್ನೂರಕ್ಕಿಂತ ತುಸು ಹೆಚ್ಚು ಅಕ್ಷರಗಳ ಪುಟ್ಟ ರಚನೆ. ಅದು ತೊಡಗುವುದು ಮಗ್ಗದ ಮುಂದೆ. ಸೈನ್ಯದ ಕರೆಯೋಲೆಯಲ್ಲಿ ಮುದಿ ತಂದೆಯ ಹೆಸರಿದೆ. ಮನೆಯಲ್ಲಿ ಪ್ರಾಯಕ್ಕೆ ಬಂದ ಗಂಡುಮಗನಿಲ್ಲ. ಮಗಳು ಗಂಡುವೇಷ ಧರಿಸಿ ಹೊರಡುತ್ತಾಳೆ. ಹತ್ತು ಹನ್ನೆರಡು ವರ್ಷಗಳ ಯುದ್ಧ ಕೆಲವೇ ಸಾಲುಗಳಲ್ಲಿ ಮುಗಿದುಹೋಗುತ್ತದೆ. ದೊರೆ ಕೊಡಬಂದ ಪದವಿಯನ್ನು ಒಲ್ಲೆನೆಂದು ಆಕೆ ಊರಿಗೆ ಮರಳುತ್ತಾಳೆ, ಹಳೆಯ ಉಡುಗೆ ತೊಟ್ಟು ಮುಡಿ ತಿದ್ದಿಕೊಂಡು ಹೊರಬರುತ್ತಾಳೆ; ಜೊತೆಗಾರರು ಬೆರಗಾಗುತ್ತಾರೆ. ಓಡುವ ಮೊಲಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಹೇಳಲಾಗದೆಂಬ ಒಗಟಿನಂಥ ಉಪಮೆಯೊಂದಿಗೆ ಹಾಡು ನಿಲ್ಲುತ್ತದೆ.

ಈ ಲಾವಣಿಯಲ್ಲಿ ಏನಿದೆ ಎಂಬಷ್ಟೇ ಏನಿಲ್ಲ ಎಂಬುದೂ ಮುಖ್ಯ. ಇಲ್ಲಿ ಪ್ರಣಯವಿಲ್ಲ, ಮದುವೆಯಿಲ್ಲ, ವೇಷ ಹಾಕಿದ ತಪ್ಪಿಗೆ ದಂಡನೆಯಿಲ್ಲ, ದೇಶಭಕ್ತಿಯ ಭಾಷಣವೂ ಇಲ್ಲ. ಮುಲಾನ್ ಹೊರಟದ್ದು ತಂದೆಗಾಗಿ. ಈ ಅರ್ಥದಲ್ಲಿ ಆಕೆ ಪಿತೃಭಕ್ತಿಯ ಚೌಕಟ್ಟನ್ನು ಮುರಿಯುವುದಿಲ್ಲ. ಆದರೆ ಕೊನೆಯ ಮೊಲದ ಉಪಮೆ ಆ ಚೌಕಟ್ಟಿನೊಳಗೆ ಸುಲಭವಾಗಿ ಕೂರುವುದಿಲ್ಲ. ಗಂಡು ಹೆಣ್ಣುಗಳ ಭೇದ ಕಾಣುವುದು ನಿಂತಾಗ. ಓಡುವಾಗ, ಎಂದರೆ ಕೆಲಸದಲ್ಲಿ ತೊಡಗಿದಾಗ, ಭೇದವಿಲ್ಲ ಎಂಬ ಗ್ರಹಿಕೆ ಅಲ್ಲಿದೆ. ಹಾಡು ಅದನ್ನು ವಿವರಿಸದೆ ಕೇಳುಗರಿಗೆ ಬಿಟ್ಟುಕೊಡುತ್ತದೆ. ಮುಂದಿನ ಸಾವಿರದೈನೂರು ವರ್ಷಗಳ ಕಥನಕಾರರಿಗೆ ಸಹಿಸಲಾಗದೆ ಹೋದದ್ದು ಈ ತೆರೆದ ಮುಕ್ತಾಯವೇ.

ಮುಲಾನ್‌ಳ ಹಲವು ಮರಳುವಿಕೆಗಳು

ಮಿಂಗ್ ಕಾಲದ ನಾಟಕಕಾರ ಷು ವೇಯ್ (1521-1593) ಮುಲಾನ್‌ಳನ್ನು ರಂಗಕ್ಕೆ ತಂದಾಗ ಎರಡು ಸಂಗತಿಗಳು ಹೊಸದಾಗಿ ಸೇರಿದವು. ಒಂದು, ಪಾದಬಂಧನ. ಮೂಲ ಲಾವಣಿಯ ಕಾಲದಲ್ಲಿ ಇಲ್ಲದಿದ್ದ ಈ ಪದ್ಧತಿ ಷು ವೇಯ್‌ನ ಕಾಲಕ್ಕೆ ಕುಲೀನ ಹೆಣ್ಣಿನ ಗುರುತಾಗಿತ್ತು. ಹೀಗಾಗಿ ಅವನ ಮುಲಾನ್ ಯುದ್ಧಕ್ಕೆ ಹೊರಡುವ ಮುನ್ನ ಪಾದದ ಪಟ್ಟಿಗಳನ್ನು ಬಿಚ್ಚಬೇಕಾಗುತ್ತದೆ. ಮರಳಿದ ಮೇಲೆ ಪಾದಗಳನ್ನು ಮತ್ತೆ ಕಿರಿದಾಗಿಸುವ ಮನೆಮದ್ದು ತನ್ನಲ್ಲಿದೆ ಎಂದು ಸಮಾಧಾನ ಮಾಡಿಕೊಳ್ಳಬೇಕಾಗುತ್ತದೆ. ಎರಡನೆಯದು ಮದುವೆ. ನಾಟಕ ಮುಗಿಯುವುದು ವಿವಾಹದಲ್ಲಿ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಚು ರೆನ್‌ಹುವೊ ಬರೆದ ಸುಯಿ ಮತ್ತು ಟಾಂಗ್ ರಾಜವಂಶಗಳ ಕಾದಂಬರಿಯಲ್ಲಂತೂ ಖಾನನ ಅಂತಃಪುರಕ್ಕೆ ಸೇರಲು ಒಪ್ಪದ ಮುಲಾನ್ ತಂದೆಯ ಸಮಾಧಿಯ ಬಳಿ ಪ್ರಾಣ ತೆರುತ್ತಾಳೆ. ಪತಿವ್ರತೆಯರಿಗೆ ಸ್ಮಾರಕ ಕಮಾನುಗಳನ್ನು ನಿಲ್ಲಿಸುತ್ತಿದ್ದ ಯುಗಕ್ಕೆ ಒಪ್ಪುವ ಮುಕ್ತಾಯವಿದು.

ಇಪ್ಪತ್ತನೆಯ ಶತಮಾನದ ಮುಲಾನ್‌ಳಿಗೆ ರಾಷ್ಟ್ರವೇ ತಂದೆಯಾಯಿತು. ಜಪಾನಿನ ಆಕ್ರಮಣದ ನಡುವೆ 1939ರಲ್ಲಿ ಶಾಂಘೈಯಲ್ಲಿ ತೆರೆಕಂಡ, ಔಯಾಂಗ್ ಯುಚಿಯಾನ್ ಬರೆದು ಬು ವಾನ್‌ಸಾಂಗ್ ನಿರ್ದೇಶಿಸಿದ ಚಿತ್ರದಲ್ಲಿ ಆಕೆ ಪರಕೀಯರ ವಿರುದ್ಧದ ಹೋರಾಟದ ಸಂಕೇತವಾದಳು. ಆದರೂ ಕೊನೆಗೆ ಸಹಯೋಧನ ಹೆಂಡತಿಯಾದಳು. 1950ರ ದಶಕದಲ್ಲಿ ಹೆನಾನ್ ಪ್ರಾಂತದ ಯು ರಂಗಪ್ರಕಾರದ ಮಹಾನಟಿ ಚಾಂಗ್ ಷಿಯಾಂಗ್‌ಯು ಮುಲಾನ್‌ಳಾಗಿ ಊರೂರು ಸುತ್ತಿ, ಪ್ರದರ್ಶನಗಳ ಹಣದಿಂದ ಕೊರಿಯಾ ಯುದ್ಧಕ್ಕೆ ಒಂದು ಯುದ್ಧವಿಮಾನವನ್ನೇ ಕೊಡುಗೆಯಾಗಿ ಕೊಟ್ಟರು. ಈ ಆಟದ ಬಹುಪ್ರಸಿದ್ಧ ಹಾಡು ಹೆಣ್ಣು ಗಂಡಿಗೆ ಕಡಿಮೆಯಲ್ಲವೆಂದು ವಾದಿಸುತ್ತದೆ. ಅದರ ಆಧಾರ ಹೆಣ್ಣು ಹೊಲದಲ್ಲಿ, ಮಗ್ಗದಲ್ಲಿ, ರಣದಲ್ಲಿ ಮಾಡುವ ದುಡಿಮೆ. ಸಮಾನತೆಯನ್ನು ದುಡಿಮೆಯ ಲೆಕ್ಕದಲ್ಲಿ ಸಾಧಿಸುವ ಈ ತರ್ಕ ಮುಂದಿನ ಮೂರು ದಶಕಗಳ ಅಧಿಕೃತ ತರ್ಕವೂ ಆಯಿತು. 1998ರ ಅಮೆರಿಕನ್ ಅನಿಮೇಷನ್ ಚಿತ್ರ ಮುಲಾನ್‌ಳನ್ನು ತನ್ನ ವ್ಯಕ್ತಿತ್ವವನ್ನು ಹುಡುಕುವ ಹದಿಹರೆಯದವಳಾಗಿಸಿ, ಮನೆಬಾಗಿಲಿಗೆ ಬಂದ ವರನ ಸೂಚನೆಯೊಂದಿಗೆ ಮುಗಿಸಿತು. ಕಾಲ, ದೇಶ, ಮಾಧ್ಯಮ ಬೇರೆಯಾದರೂ ಲಾವಣಿಯ ಒಗಟನ್ನು ಹಾಗೆಯೇ ಉಳಿಸುವ ಧೈರ್ಯವನ್ನು ಈ ಪಠ್ಯಗಳಾವುವೂ ತೋರಲಿಲ್ಲ.

ಮುಗಿಸಲೊಲ್ಲದ ಕಾವ್ಯ

ಮುಕ್ತಾಯದ ಈ ಸಂಘರ್ಷವನ್ನು ಒಬ್ಬ ಮಹಿಳೆಯೇ ಬರವಣಿಗೆಯಲ್ಲಿ ಎದುರಿಸಿದ ನಿದರ್ಶನ 'ಝೈಶೆಂಗ್‌ಯುವಾನ್'. ತಂತಿವಾದ್ಯದೊಡನೆ ಹೇಳಿ ಹಾಡುವ ಟಾನ್‌ತ್ಸಿ ಎಂಬ ಕಥನ ಪ್ರಕಾರ ಯಾಂಗ್ಜಿ ನದಿಯ ಕೆಳಬಯಲಿನಲ್ಲಿ ಜನಪ್ರಿಯವಾಗಿತ್ತು. ಹದಿನೇಳು ಹದಿನೆಂಟನೆಯ ಶತಮಾನಗಳಲ್ಲಿ ಅಕ್ಷರಸ್ಥ ಹೆಂಗಸರು ಇದೇ ಛಂದಸ್ಸನ್ನು ಬಳಸಿ, ಹೆಂಗಸರೇ ಓದಲೆಂದು ದೀರ್ಘ ಕಥನಗಳನ್ನು ರಚಿಸತೊಡಗಿದರು. ಚೆನ್ ದುವಾನ್‌ಶೆಂಗ್ (ಜನನ 1751) ಬರೆದ ಈ ಕೃತಿಯ ನಾಯಕಿ ಮೆಂಗ್ ಲಿಜುನ್ ಬಲವಂತದ ಮದುವೆಯಿಂದ ತಪ್ಪಿಸಿಕೊಳ್ಳಲು ಗಂಡುವೇಷದಲ್ಲಿ ಮನೆಬಿಟ್ಟು, ರಾಜಪರೀಕ್ಷೆಯಲ್ಲಿ ಮೊದಲಿಗಳಾಗಿ, ಪ್ರಧಾನಮಂತ್ರಿಯ ಪದವಿಗೇರುತ್ತಾಳೆ. ಹಿಂದೆ ನಿಶ್ಚಯವಾಗಿದ್ದ ವರನೇ ಅವಳ ಕೈಕೆಳಗೆ ಬರುತ್ತಾನೆ. ತಂದೆತಾಯಿ, ವರ, ಅರಸ ಎಲ್ಲರೂ ಅವಳ ಗುಟ್ಟನ್ನು ಬಯಲುಮಾಡಲು ಹವಣಿಸುತ್ತಾರೆ. ಆಕೆ ಮಾತ್ರ ಒಪ್ಪಿಕೊಳ್ಳುವುದಿಲ್ಲ.

ಹದಿನೇಳು ಸಂಪುಟಗಳವರೆಗೆ ಬರೆದ ಚೆನ್ ಅಲ್ಲಿಗೆ ನಿಲ್ಲಿಸಿದಳು. ಮೊದಲ ಹದಿನಾರನ್ನು ತೀರ ಎಳೆಯ ವಯಸ್ಸಿನಲ್ಲಿ ಬರೆದವಳು, ತಾಯಿಯ ಸಾವು, ಮದುವೆ, ಗಂಡನ ಗಡೀಪಾರುಗಳನ್ನು ಕಂಡು ಬಹುಕಾಲದ ನಂತರ ಹದಿನೇಳನೆಯದನ್ನು ಬರೆದು ಕೈಬಿಟ್ಟಳು. ಆಕೆಯ ನಂತರ ಲಿಯಾಂಗ್ ದೆಶೆಂಗ್ ಎಂಬ ಮತ್ತೊಬ್ಬ ಕವಯಿತ್ರಿ ಮೂರು ಸಂಪುಟಗಳನ್ನು ಸೇರಿಸಿ ಮೆಂಗ್ ಲಿಜುನ್‌ಳನ್ನು ಮಂತ್ರಿಪದವಿಯಿಂದ ಇಳಿಸಿ ಮದುವೆ ಮಾಡಿಸಿದಳು. ಇಪ್ಪತ್ತನೆಯ ಶತಮಾನದ ಶ್ರೇಷ್ಠ ಇತಿಹಾಸಕಾರ ಚೆನ್ ಯಿನ್‌ಕೆ ತಮ್ಮ ಇಳಿವಯಸ್ಸಿನಲ್ಲಿ ಈ ಕೃತಿಯ ಬಗ್ಗೆ ದೀರ್ಘ ಪ್ರಬಂಧ ಬರೆದು, ಅದರ ಹಿಂದಿನ ಸ್ವತಂತ್ರ ಚಿಂತನೆಯನ್ನು ಎತ್ತಿಹಿಡಿದರು. ಚೆನ್ ದುವಾನ್‌ಶೆಂಗ್‌ಳ ಮೌನವನ್ನು ಕೇವಲ ಜೀವನದ ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಗುಟ್ಟು ಬಯಲಾದರೆ ಮದುವೆ ಅಥವಾ ಮರಣದಂಡನೆ. ಬಯಲಾಗದಿದ್ದರೆ ಕಥಾಪ್ರಕಾರದ ನಿಯಮಕ್ಕೇ ಭಂಗ. ಆಕೆ ಬದುಕಿದ್ದ ಸಮಾಜದಲ್ಲಿ ಈ ಕಥೆಗೆ ಮೂರನೆಯ ಮುಕ್ತಾಯ ಲಭ್ಯವಿರಲಿಲ್ಲ. ಕೃತಿಯ ಅಪೂರ್ಣತೆಯೇ ಅದರ ಅತ್ಯಂತ ಪ್ರಾಮಾಣಿಕ ಭಾಗ. ಕ್ರಾಂತಿಕಾರಿ ಚಿಯು ಜಿನ್ ಕೂಡ ಹೆಂಗಸರನ್ನು ತಲುಪಲು ಟಾನ್‌ತ್ಸಿಯನ್ನೇ ಆರಿಸಿಕೊಂಡಳು. ಸಮುದ್ರವನ್ನು ಕಲ್ಲಿನಿಂದ ತುಂಬಿಸಹೊರಟ ಪುರಾಣದ ಜಿಂಗ್‌ವೇಯ್ ಹಕ್ಕಿಯ ಹೆಸರಿನ ಆಕೆಯ ಕೃತಿಯೂ ಪೂರ್ಣವಾಗಲಿಲ್ಲ. 1907ರ ಜುಲೈಯಲ್ಲಿ ಆಕೆಯ ಶಿರಚ್ಛೇದವಾಯಿತು.

ಗೋಡೆ ಮತ್ತು ಕಣ್ಣೀರು

ಮೆಂಗ್ ಜಿಯಾಂಗ್ ಕಥೆಯ ಬೆಳವಣಿಗೆಯನ್ನು ಗು ಜಿಯೆಗಾಂಗ್ 1924ರಲ್ಲಿ ಬೀಜಿಂಗ್ ವಿಶ್ವವಿದ್ಯಾಲಯದ ಜಾನಪದ ಗೀತೆಗಳ ವಾರಪತ್ರಿಕೆಯಲ್ಲಿ ವಿಶ್ಲೇಷಿಸಿದರು. ಚೀನೀ ಜಾನಪದ ವಿಜ್ಞಾನದ ಅಡಿಗಲ್ಲುಗಳಲ್ಲಿ ಅದೂ ಒಂದು. ಕ್ರಿಸ್ತಪೂರ್ವ ಆರನೆಯ ಶತಮಾನದ ಘಟನೆಯೊಂದರಲ್ಲಿ, ಯುದ್ಧದಲ್ಲಿ ಮಡಿದ ಚಿ ಲಿಯಾಂಗ್‌ನ ಹೆಂಡತಿ ಬೀದಿಯಲ್ಲಿ ಸಂತಾಪ ಸ್ವೀಕರಿಸಲು ನಿರಾಕರಿಸುತ್ತಾಳೆ. ಅಲ್ಲಿ ಆಕೆ ಆಚಾರನಿಷ್ಠೆಯ ಮಾದರಿ. ಹಾನ್ ಕಾಲದ ಹೊತ್ತಿಗೆ ಆಕೆಯ ಅಳುವಿಗೆ ನಗರದ ಗೋಡೆ ಕುಸಿಯುತ್ತದೆ. ಟಾಂಗ್ ಕಾಲದ ಹೊತ್ತಿಗೆ ಆ ಗೋಡೆ ಚಿನ್ ಚಕ್ರವರ್ತಿಯ ಮಹಾಗೋಡೆಯಾಗಿ, ಗಂಡ ಬಿಟ್ಟಿಕೆಲಸದಲ್ಲಿ ಸತ್ತು ಗೋಡೆಯೊಳಗೆ ಹೂತುಹೋದವನಾಗುತ್ತಾನೆ. ನಂತರದ ರೂಪಗಳಲ್ಲಿ ಚಕ್ರವರ್ತಿ ಆಕೆಯನ್ನು ಬಯಸುತ್ತಾನೆ. ಆಕೆ ಗಂಡನ ಉತ್ತರಕ್ರಿಯೆಯನ್ನು ಅವನಿಂದಲೇ ಮಾಡಿಸಿ ಕಡಲಿಗೆ ಹಾರುತ್ತಾಳೆ. ಆಚಾರದಿಂದ ಅಳುವಿನತ್ತ, ಅಳುವಿನಿಂದ ಪ್ರಭುತ್ವದ ಎದುರಿನ ಸವಾಲಿನತ್ತ ಈ ಕಥೆ ಚಲಿಸಿದ ಬಗೆ ಕುತೂಹಲಕರ.

ಕನ್ನಡ ಓದುಗರಿಗೆ ಇಲ್ಲಿ 'ಕೆರೆಗೆ ಹಾರ' ನೆನಪಾಗುವುದು ಸಹಜ. ಕಟ್ಟಡಕ್ಕೆ ನರಬಲಿ ಎಂಬ ಆಶಯ ಎರಡರಲ್ಲೂ ಇದೆ. ಆದರೆ ಪಾತ್ರಗಳು ಅದಲುಬದಲಾಗಿವೆ. ಕೆರೆಗೆ ಬಲಿಯಾಗುವವಳು ಸೊಸೆ ಭಾಗೀರಥಿ, ನಂತರ ನೀರಿಗೆ ಹಾರುವವನು ದಂಡಿನಿಂದ ಬಂದ ಗಂಡ. ಗೋಡೆಗೆ ಬಲಿಯಾಗುವವನು ಗಂಡ, ನೀರಿಗೆ ಹಾರುವವಳು ಹೆಂಡತಿ. ಭಾಗೀರಥಿಯ ಬಲಿಯಿಂದ ಕೆರೆ ತುಂಬುತ್ತದೆ, ಊರಿಗೆ ಫಲ ದೊರೆಯುತ್ತದೆ. ಮೆಂಗ್ ಜಿಯಾಂಗ್‌ಳ ಕಣ್ಣೀರಿನಿಂದ ಗೋಡೆ ಕುಸಿಯುತ್ತದೆ. ಮೊದಲನೆಯದರಲ್ಲಿ ಹೆಣ್ಣಿನ ಮೌನ ಕಟ್ಟುತ್ತದೆ, ಎರಡನೆಯದರಲ್ಲಿ ಹೆಣ್ಣಿನ ದನಿ ಕೆಡಹುತ್ತದೆ. ಈ ದನಿಯ ಶಕ್ತಿಯನ್ನು ಪ್ರಭುತ್ವ ಎಷ್ಟು ಗಂಭೀರವಾಗಿ ಪರಿಗಣಿಸಿತೆಂಬುದಕ್ಕೆ 1974ರ ಸುಮಾರಿನ ಪ್ರಚಾರಾಂದೋಲನವೇ ಸಾಕ್ಷಿ. ಚಿನ್ ಚಕ್ರವರ್ತಿಯನ್ನು ಪ್ರಗತಿಪರನೆಂದು ಹೊಗಳುತ್ತಿದ್ದ ಆಗ ಮೆಂಗ್ ಜಿಯಾಂಗ್ ಕಥೆ ಪ್ರತಿಗಾಮಿಯೆಂಬ ಟೀಕೆಗೆ ಗುರಿಯಾಯಿತು. ಅದೇ ಕಥೆ 2006ರಲ್ಲಿ ರಾಷ್ಟ್ರೀಯ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಮೊದಲ ಪಟ್ಟಿಗೆ ಸೇರಿತು. ಖಂಡನೆ ಮತ್ತು ಗೌರವ ಎರಡೂ ಮೇಲಿನಿಂದಲೇ ಬಂದವು ಎಂಬುದನ್ನು ಮರೆಯಬಾರದು.

ಅಳುವವಳ ಅಕ್ಷರ

ಇಲ್ಲಿಯವರೆಗಿನ ಕಥನಗಳು ಹೆಣ್ಣಿನ ಬಗೆಗಿನವು. ಹೆಣ್ಣಿನವೇ ಆದ ಪ್ರಕಾರಗಳೂ ಚೀನಾದಲ್ಲಿದ್ದವು. ಅವುಗಳಲ್ಲಿ ಮುಖ್ಯವಾದದ್ದು ಮದುವಣಗಿತ್ತಿಯ ಅಳುವಿನ ಹಾಡು. ಶಾಂಘೈ ಬಳಿಯ ನಾನ್‌ಹುಯಿ, ಮುತ್ತಿನ ನದಿಯ ಮುಖಜಭೂಮಿ, ಹುನಾನ್ ಮತ್ತು ಹುಬೇಯ್ ಪ್ರಾಂತಗಳ ತುಜಿಯಾ ಸಮುದಾಯ ಮೊದಲಾದೆಡೆ ಮದುವಣಗಿತ್ತಿ ತವರು ಬಿಡುವ ಮುನ್ನ ದಿನಗಟ್ಟಲೆ ಹಾಡಿಕೊಂಡು ಅಳುವ ಸಂಪ್ರದಾಯವಿತ್ತು. ದಲ್ಲಾಳಿಯನ್ನು ಬೈಯುವುದು, ತಂದೆತಾಯಿಯರನ್ನು ಆಕ್ಷೇಪಿಸುವುದು, ಮಣ್ಣು ಮನೆಗಳು ಅಣ್ಣತಮ್ಮಂದಿರಿಗೆ ಉಳಿದು ತಾನು ಬರಿಗೈಯಲ್ಲಿ ಹೊರಡುವುದನ್ನು ಹೇಳುವುದು ಇಲ್ಲಿ ಅನುಮತ. ಚೆನ್ನಾಗಿ ಅಳಲು ಬಾರದವಳು ಜಾಣೆಯಲ್ಲ. ಪ್ರತಿಭಟನೆಗೆ ಆಚರಣೆಯ ಅವಕಾಶ ಕೊಟ್ಟು, ಆಚರಣೆ ಮುಗಿದೊಡನೆ ಪಲ್ಲಕ್ಕಿ ಹತ್ತಿಸುವುದು ಈ ವ್ಯವಸ್ಥೆಯ ಚಾತುರ್ಯ. ಹಾಗೆಂದು ಅದನ್ನು ಬರಿಯ ಒತ್ತಡ ನಿವಾರಣೆಯ ಕವಾಟವೆಂದು ಕಡೆಗಣಿಸಲಾಗದು. ಆಸ್ತಿಯಲ್ಲಿ ಮಗಳಿಗೆ ಪಾಲಿಲ್ಲವೆಂಬ ಅನ್ಯಾಯವನ್ನು ಕಾನೂನು ಗುರುತಿಸುವುದಕ್ಕೆ ಬಹಳ ಹಿಂದೆಯೇ ಈ ಹಾಡುಗಳು ಗುರುತಿಸಿದ್ದವು.

ಇದಕ್ಕಿಂತ ವಿಶಿಷ್ಟವಾದುದು ದಕ್ಷಿಣ ಹುನಾನಿನ ಜಿಯಾಂಗ್‌ಯೋಂಗ್ ಜಿಲ್ಲೆಯ ನ್ಯೂಷು, ಎಂದರೆ ಹೆಂಗಸರ ಲಿಪಿ. ಚೀನೀ ಲಿಪಿಯಂತೆ ಪದಾರ್ಥವನ್ನು ಸೂಚಿಸದೆ ಸ್ಥಳೀಯ ಆಡುನುಡಿಯ ಉಚ್ಚಾರಗಳನ್ನು ಸೂಚಿಸುವ, ಓರೆಯಾದ ಎಳೆಗೆರೆಗಳ ಈ ಬರಹವನ್ನು ಅಜ್ಜಿ, ಚಿಕ್ಕಮ್ಮ, ಗೆಳತಿಯರಿಂದ ಹೆಣ್ಣುಮಕ್ಕಳು ಕಲಿಯುತ್ತಿದ್ದರು. ಬೀಸಣಿಗೆ, ಕರವಸ್ತ್ರ, ಕಾಗದಗಳ ಮೇಲೆ ಬರೆದು ಒಟ್ಟಾಗಿ ಹಾಡುತ್ತಿದ್ದರು. ಆಣೆಯಿಟ್ಟು ಅಕ್ಕತಂಗಿಯರಾದ ಗೆಳತಿಯರು ಮದುವೆಯಾಗಿ ಹೋದವಳಿಗೆ ಮೂರನೆಯ ದಿನ ಕಳುಹಿಸುವ ಬಟ್ಟೆಹೊದಿಕೆಯ ಪುಸ್ತಿಕೆಗಳು ಈ ಸಾಹಿತ್ಯದ ಸೊಗಸಾದ ಭಾಗ. ವಿಧವೆಯರೂ ವೃದ್ಧೆಯರೂ ತಮ್ಮ ಬಾಳಿನ ಸಂಕಟವನ್ನು ಆತ್ಮಕಥನ ರೂಪದಲ್ಲಿ ಹಾಡಿ ಬರೆಸುವ ಪ್ರಕಾರವೂ ಇದೆ.

1980ರ ದಶಕದಲ್ಲಿ ವಿದ್ವತ್ ಪ್ರಪಂಚದ ಗಮನ ಸೆಳೆದ ಬಳಿಕ ನ್ಯೂಷುವನ್ನು ಗಂಡಸರಿಗೆ ತಿಳಿಯದ ರಹಸ್ಯ ಸಂಕೇತವೆಂದೂ ಸ್ತ್ರೀವಾದಿ ಬಂಡಾಯವೆಂದೂ ಬಣ್ಣಿಸುವುದು ವಾಡಿಕೆಯಾಯಿತು. ಈ ವರ್ಣನೆಯನ್ನು ಎಚ್ಚರದಿಂದ ನೋಡಬೇಕು. ಹಾಡಿದಾಗ ಅದು ಗಂಡಸರ ಕಿವಿಗೂ ಬೀಳುತ್ತಿತ್ತು. ಅವರಿಗೆ ಅದನ್ನು ಕಲಿಯುವ ಆಸಕ್ತಿ ಇರಲಿಲ್ಲ ಅಷ್ಟೆ. ಅದರ ಪಠ್ಯಗಳಲ್ಲಿ ಪಾತಿವ್ರತ್ಯ, ಸಹನೆ, ಅತ್ತೆಯ ಸೇವೆಗಳನ್ನು ಒಪ್ಪುವ ಉಪದೇಶಗಳೂ ಇವೆ. ಮೌಲ್ಯಗಳ ಮಟ್ಟದಲ್ಲಿ ನ್ಯೂಷು ಬಾನ್ ಝಾವೊಳಿಂದ ಬಹುದೂರ ಸಾಗಿಲ್ಲ. ಅದರ ಮಹತ್ವ ಇರುವುದು ಬೇರೆಡೆ: ಇಲ್ಲಿ ಹೇಳುವವಳು, ಬರೆಯುವವಳು, ಕೇಳುವವಳು ಮೂವರೂ ಹೆಂಗಸರು. ರಾಮಾನುಜನ್ ಗುರುತಿಸಿದಂತೆ ಕಥೆ ಮದುವೆಯ ನಂತರವೇ ಶುರುವಾಗುತ್ತದೆ, ಸುಖಾಂತದ ಅವಸರವಿಲ್ಲ. ಈ ಪರಿಸರದಲ್ಲೇ ಲಿಪಿ ಕಲಿತವರಲ್ಲಿ ಕೊನೆಯವರೆಂದು ಖ್ಯಾತರಾಗಿದ್ದ ಯಾಂಗ್ ಹುವಾನ್‌ಯಿ 2004ರಲ್ಲಿ ತೀರಿಕೊಂಡರು. 2006ರಲ್ಲಿ ನ್ಯೂಷು ರಾಷ್ಟ್ರೀಯ ಪರಂಪರೆಯ ಪಟ್ಟಿ ಸೇರಿತು. 2017ರಲ್ಲಿ ಯೂನಿಕೋಡ್‌ನಲ್ಲಿ ಸ್ಥಾನ ಪಡೆಯಿತು. ವಸ್ತುಸಂಗ್ರಹಾಲಯ, ಸ್ಮರಣಿಕೆ, ಪ್ರವಾಸೋದ್ಯಮಗಳ ನಡುವೆ ಲಿಪಿ ಉಳಿದಿದೆ. ಹೆಣ್ಣುಮಕ್ಕಳು ಶಾಲೆಗೆ ಹೋಗಿ ಎಲ್ಲರ ಲಿಪಿಯನ್ನೇ ಕಲಿತದ್ದು ನಿಸ್ಸಂಶಯವಾಗಿ ದೊಡ್ಡ ಗಳಿಕೆ. ಆದರೆ ಗೆಳತಿಯೊಬ್ಬಳ ದುಃಖಕ್ಕೆ ಮತ್ತೊಬ್ಬಳು ಅಕ್ಷರವಾಗುತ್ತಿದ್ದ ಆ ಕೂಟ ಆ ಗಳಿಕೆಯ ಜೊತೆಗೆ ಕಳೆದುಹೋಯಿತು.

ಹೊರಟವಳು ಎಲ್ಲಿಗೆ?

ಇಬ್ಸೆನ್‌ನ 'ಗೊಂಬೆಮನೆ' ನಾಟಕ 1918ರಲ್ಲಿ ಚೀನೀ ಭಾಷೆಗೆ ಬಂದಾಗ ಬಾಗಿಲು ದಾಟಿ ಹೋಗುವ ನೋರಾ ಸುಧಾರಕರ ಆರಾಧ್ಯ ಮೂರ್ತಿಯಾದಳು. 1923ರ ಡಿಸೆಂಬರಿನಲ್ಲಿ ಬೀಜಿಂಗ್‌ನ ಮಹಿಳಾ ಶಿಕ್ಷಕರ ಕಾಲೇಜಿನಲ್ಲಿ ಮಾಡಿದ ಭಾಷಣದಲ್ಲಿ ಲೂ ಷುನ್ ಈ ಉತ್ಸಾಹಕ್ಕೆ ತಡೆ ಹಾಕಿದರು. ಮನೆ ಬಿಟ್ಟ ನೋರಾಳ ಮುಂದಿರುವುದು ಅಧಃಪತನ ಅಥವಾ ಮರಳುವಿಕೆ ಮಾತ್ರ. ಕೈಯಲ್ಲಿ ಹಣವಿಲ್ಲದೆ ಸ್ವಾತಂತ್ರ್ಯ ನಿಲ್ಲದು ಎಂಬುದು ಅವರ ವಾದದ ತಿರುಳು. ಮುಂದೆ ಅವರು ಬರೆದ ಎರಡು ಕಥೆಗಳು ಈ ಚರ್ಚೆಗೆ ನೇರವಾಗಿ ಸಂಬಂಧಿಸಿವೆ. 1925ರ ಕಥೆಯೊಂದರಲ್ಲಿ ಪ್ರೀತಿಸಿ ಮನೆಬಿಟ್ಟ ತರುಣಿ ತಂದೆಯ ಮನೆಗೆ ಮರಳಿ ಸಾಯುತ್ತಾಳೆ. ಆ ಕಥೆಯನ್ನು ಪಶ್ಚಾತ್ತಾಪದಿಂದ ಹೇಳುವವನು ಅವಳ ಪ್ರಿಯಕರ. 1924ರ 'ಹೊಸವರ್ಷದ ಬಲಿ'ಯಲ್ಲಿ ಷಿಯಾಂಗ್‌ಲಿನ್‌ನ ಹೆಂಡತಿ ತೋಳನಿಗೆ ಬಲಿಯಾದ ಮಗನ ಕಥೆಯನ್ನು ಒಂದೇ ಮಾತುಗಳಲ್ಲಿ ಮತ್ತೆ ಮತ್ತೆ ಹೇಳುತ್ತಾಳೆ. ಮೊದಮೊದಲು ಅತ್ತು ಕೇಳಿದ ಊರು ಆಮೇಲೆ ಅಣಕಿಸುತ್ತದೆ. ಜನಪದ ಅಳುವಿನ ಪರಂಪರೆಯನ್ನು ಬಲ್ಲವರಿಗೆ ಇದರ ಭೀಕರತೆ ಇನ್ನಷ್ಟು ಸ್ಪಷ್ಟ. ಹೇಳುವವಳಿದ್ದಾಳೆ, ಕೇಳುವ ಕೂಟವಿಲ್ಲ.

ಲೂ ಷುನ್ ಹೇಳಿದ ಎರಡು ದಾರಿಗಳ ಆಚೆಗಿನ ಮೂರನೆಯದನ್ನು ಗುವಾಂಗ್‌ದೋಂಗ್ ಪ್ರಾಂತದ ಶುಂದೆ ಪ್ರದೇಶದ ರೇಷ್ಮೆ ಕಾರ್ಮಿಕ ಮಹಿಳೆಯರು ಸದ್ದಿಲ್ಲದೆ ತುಳಿದಿದ್ದರು. ಮದುವೆಯ ದಿನ ಮದುವಣಗಿತ್ತಿಗೆ ಹಿರಿಯ ಹೆಂಗಸು ತಲೆ ಬಾಚಿ ಮುಡಿ ಕಟ್ಟುವುದು ರೂಢಿ. ಮದುವೆಯೊಲ್ಲದ ಈ ಹೆಣ್ಣುಮಕ್ಕಳು ಪ್ರತಿಜ್ಞಾಪೂರ್ವಕವಾಗಿ ತಾವೇ ಬಾಚಿ ಮುಡಿ ಕಟ್ಟಿಕೊಂಡು 'ಸ್ವಯಂ ಬಾಚಿಕೊಂಡವರು' ಎನಿಸಿಕೊಂಡರು. ನೂಲು ತೆಗೆಯುವ ಕಾರ್ಖಾನೆಗಳ ಕೂಲಿ ಇದನ್ನು ಸಾಧ್ಯವಾಗಿಸಿತು. 1930ರ ದಶಕದಲ್ಲಿ ರೇಷ್ಮೆ ಉದ್ಯಮ ಕುಸಿದಾಗ ಹಲವರು ಹಾಂಗ್‌ಕಾಂಗ್, ಸಿಂಗಾಪುರಗಳಿಗೆ ಮನೆಗೆಲಸಕ್ಕೆ ಹೋದರು. ಅವರಿಗೆ ಆಸರೆಯಾಗಲೆಂದು ಕಟ್ಟಿದ ಮನೆಯೊಂದು ಶುಂದೆಯಲ್ಲಿ ಈಗ ಸಂಗ್ರಹಾಲಯವಾಗಿದೆ. ಇಲ್ಲಿ ಗಮನಿಸಬೇಕಾದುದು ಅವರು ಸಂಪ್ರದಾಯವನ್ನು ತ್ಯಜಿಸಲಿಲ್ಲ ಎಂಬ ಅಂಶ. ಮದುವೆಯ ಆಚರಣೆಯನ್ನೇ ಬಳಸಿ ಮದುವೆಯನ್ನು ಕೈಬಿಟ್ಟರು. ಸುಧಾರಕರ ಗ್ರಂಥಗಳಲ್ಲಿ ಕಾಣದ ಸೃಜನಶೀಲತೆ ಇದು.

ದುಃಖದ ರಾಷ್ಟ್ರೀಕರಣ

1940ರ ದಶಕದ ಭೂಸುಧಾರಣೆಯ ಸಭೆಗಳಲ್ಲಿ ಕಮ್ಯುನಿಸ್ಟ್ ಪಕ್ಷ 'ಸಂಕಟ ಹೇಳಿಕೊಳ್ಳುವ' ಕ್ರಮವನ್ನು ರೂಢಿಸಿತು. ಅಂಗಳದಲ್ಲಿದ್ದ ಅಳು ಊರಿನ ವೇದಿಕೆ ಹತ್ತಿತು. ಹೆಣ್ಣಿನ ದುಃಖಕ್ಕೆ ಮೊದಲ ಬಾರಿಗೆ ರಾಜಕೀಯ ಬೆಲೆ ಬಂದದ್ದು ಸಣ್ಣ ಸಂಗತಿಯಲ್ಲ. ಆದರೆ ಅದಕ್ಕೊಂದು ನಿಗದಿತ ಆಕಾರವೂ ಬಂತು: ಹಳೆಯ ಸಮಾಜದಲ್ಲಿ ನರಕ, ಹೊಸ ಸಮಾಜದಲ್ಲಿ ಬಿಡುಗಡೆ. ಬಿಡುಗಡೆಯ ನಂತರದ ನೋವಿಗೆ ಆ ಆಕಾರದಲ್ಲಿ ಜಾಗವಿರಲಿಲ್ಲ. 1942ರ ಮಾರ್ಚ್‌ನಲ್ಲಿ ಯೆನಾನ್‌ನಲ್ಲಿ ಲೇಖಕಿ ದಿಂಗ್ ಲಿಂಗ್, ಮದುವೆಯಾದರೂ ಆಗದಿದ್ದರೂ ಹೆಣ್ಣೇ ನಿಂದೆಗೆ ಗುರಿಯಾಗುವುದನ್ನು ಮಹಿಳಾ ದಿನದ ಪ್ರಬಂಧದಲ್ಲಿ ಪ್ರಸ್ತಾಪಿಸಿ ಪಕ್ಷದ ಟೀಕೆಗೆ ಒಳಗಾದರು.

'ಬಿಳಿಕೂದಲ ಹುಡುಗಿ'ಯ ರೂಪಾಂತರಗಳು ಇದಕ್ಕೆ ಸೂಕ್ತ ನಿದರ್ಶನ. ಗುಡ್ಡದ ಗುಡಿಯಲ್ಲಿ ಸುಳಿಯುವ ಬಿಳಿಕೂದಲ ದೇವತೆಯ ಬಗೆಗಿನ ಉತ್ತರ ಚೀನಾದ ಐತಿಹ್ಯದಿಂದ 1945ರಲ್ಲಿ ಯೆನಾನ್‌ನಲ್ಲಿ ಗೀತನಾಟಕ ರೂಪುಗೊಂಡಿತು. ಸಾಲಕ್ಕಾಗಿ ಜಮೀನ್ದಾರನ ಪಾಲಾದ ಷಿಯರ್ ಅತ್ಯಾಚಾರಕ್ಕೆ ಒಳಗಾಗಿ, ಬಸುರಾಗಿ, ಬೆಟ್ಟಕ್ಕೆ ಓಡಿಹೋಗಿ, ಕೂದಲು ಬೆಳ್ಳಗಾಗಿ ಬದುಕುತ್ತಾಳೆ. ಸೈನ್ಯ ಬಂದು ಅವಳನ್ನು ಮತ್ತೆ ಮನುಷ್ಯಳನ್ನಾಗಿಸುತ್ತದೆ. 1960ರ ದಶಕದ ಬ್ಯಾಲೆ ರೂಪದಲ್ಲಿ ಅತ್ಯಾಚಾರವೂ ಬಸಿರೂ ಮರೆಯಾದವು. ಷಿಯರ್ ಆರಂಭದಿಂದಲೂ ಪ್ರತಿಭಟಿಸುವ ವರ್ಗಪ್ರಜ್ಞೆಯ ಮೂರ್ತಿಯಾದಳು. ನಾಯಕಿ ಹೆಚ್ಚು ಧೀರಳಾದಷ್ಟೂ ಅವಳ ದೇಹಕ್ಕೆ ಆದ ಗಾಯ ಹೇಳಲಾಗದ್ದಾಯಿತು. ಇದೇ ಕಾಲದ 'ಕಬ್ಬಿಣದ ಹುಡುಗಿಯರು' ಗಂಡಸರಷ್ಟೇ ಭಾರ ಹೊತ್ತರು. ಆದರೆ ಗಂಡಾಳಿಗೆ ದಿನಕ್ಕೆ ಹತ್ತು ದುಡಿಮೆಯ ಅಂಕ ಸಿಗುವಲ್ಲಿ ಹೆಣ್ಣಾಳಿಗೆ ಏಳೋ ಎಂಟೋ ಸಿಗುವುದು ಹಲವು ಹಳ್ಳಿಗಳ ರೂಢಿಯಾಗಿತ್ತು. ಮನೆಗೆಲಸಕ್ಕೆ ಅಂಕವೇ ಇರಲಿಲ್ಲ. ಶಾನ್‌ಷಿ ಪ್ರಾಂತದ 72 ಮಂದಿ ವೃದ್ಧೆಯರ ಮೌಖಿಕ ಇತಿಹಾಸವನ್ನು ಆಧರಿಸಿ ಗೇಲ್ ಹರ್ಷ್ಯಾಟರ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಬೆಳಕು ಚೆಲ್ಲುತ್ತದೆ. ಆ ವೃದ್ಧೆಯರ ನೆನಪು ಸರ್ಕಾರಿ ಆಂದೋಲನಗಳ ಕಾಲಗಣನೆಯನ್ನು ಯಾವಾಗಲೂ ಅನುಸರಿಸುವುದಿಲ್ಲ. ಮಕ್ಕಳು ಹುಟ್ಟಿದ ವರ್ಷಗಳನ್ನು ಹಿಡಿದು ಸಾಗುತ್ತದೆ.

1980ರ ನಂತರ ಪ್ರಭುತ್ವ ಹೆಣ್ಣಿನ ಗರ್ಭದ ಲೆಕ್ಕ ಹಿಡಿಯತೊಡಗಿತು. ಮಗನ ಹಂಬಲ ಮತ್ತು ಭ್ರೂಣಲಿಂಗ ಪತ್ತೆಗಳು ಸೇರಿ 2004ರ ಹೊತ್ತಿಗೆ ನೂರು ಹೆಣ್ಣು ಶಿಶುಗಳಿಗೆ ಸುಮಾರು 121 ಗಂಡು ಶಿಶುಗಳು ಹುಟ್ಟುತ್ತಿದ್ದವು. 2020ರ ಜನಗಣತಿಯಲ್ಲಿ ಇದು 111.3ಕ್ಕೆ ಇಳಿಯಿತು. ಇದೇ ನೀತಿ ನಗರಗಳಲ್ಲಿ ಅಣ್ಣತಮ್ಮಂದಿರಿಲ್ಲದ ಒಬ್ಬಳೇ ಮಗಳಿಗೆ ಮನೆಯ ಸಂಪನ್ಮೂಲವನ್ನೆಲ್ಲ ದೊರಕಿಸಿ ಓದಿಸಿತೆಂಬುದೂ ನಿಜ. ಹಾಗೆ ಓದಿ ದುಡಿಯುವ, ಮದುವೆಯನ್ನು ಮುಂದೂಡುವ ತರುಣಿಗೆ 'ಉಳಿದುಹೋದವಳು' ಎಂಬ ಹೆಸರು ಬಿತ್ತು. 2007ರಲ್ಲಿ ಆ ಪದ ಶಿಕ್ಷಣ ಸಚಿವಾಲಯದ ಹೊಸಪದಗಳ ಪಟ್ಟಿ ಸೇರಿತು. 2016ರಲ್ಲಿ ಎರಡು, 2021ರಲ್ಲಿ ಮೂರು ಮಕ್ಕಳಿಗೆ ಅನುಮತಿ ದೊರೆಯಿತು. 2023ರಲ್ಲಿ ರಾಷ್ಟ್ರದ ಅಧ್ಯಕ್ಷರು ಮಹಿಳಾ ಒಕ್ಕೂಟದ ನಾಯಕಿಯರೊಂದಿಗೆ ಮಾತನಾಡುತ್ತಾ ಮದುವೆ ಮತ್ತು ಸಂತಾನದ ಹೊಸ ಸಂಸ್ಕೃತಿ ಬೆಳೆಸಬೇಕೆಂದರು. ಮುಲಾನ್‌ಳನ್ನು ಮನೆಗೆ ಮರಳಿಸುವ ಕಥನ ಮತ್ತೆ ಶುರುವಾಗಿದೆ. ಉತ್ತರವೂ ಬಂದಿದೆ: 2013ರಲ್ಲಿ ಸುಮಾರು 1.35 ಕೋಟಿಯಿದ್ದ ವಿವಾಹ ನೋಂದಣಿ 2024ರಲ್ಲಿ ಸುಮಾರು 61 ಲಕ್ಷಕ್ಕೆ ಕುಸಿಯಿತು. ಈ ಇಳಿಕೆಗೆ ತರುಣರ ಸಂಖ್ಯೆ ತಗ್ಗಿದ್ದು, ಮನೆಯ ಬೆಲೆ, ನಿರುದ್ಯೋಗಗಳೂ ಕಾರಣ. ಹೆಣ್ಣುಮಕ್ಕಳ ಒಲ್ಲೆನೆಂಬ ನಿರ್ಧಾರವೂ ಅವುಗಳಲ್ಲೊಂದು.

2020ರಲ್ಲಿ ಹೆನಾನ್ ಪ್ರಾಂತದ ಸು ಮಿನ್ ಎಂಬ ಮಧ್ಯವಯಸ್ಸಿನ ಗೃಹಿಣಿ ಪುಟ್ಟ ಕಾರಿನಲ್ಲಿ ಒಬ್ಬರೇ ದೇಶ ಸುತ್ತಲು ಹೊರಟು, ತಮ್ಮ ದಾಂಪತ್ಯದ ಕಷ್ಟವನ್ನು ವಿಡಿಯೊಗಳಲ್ಲಿ ಹೇಳಿಕೊಳ್ಳತೊಡಗಿದಾಗ ಅಸಂಖ್ಯ ಮಹಿಳೆಯರು ಕೇಳಿದರು. ಆ ಬದುಕನ್ನು ಆಧರಿಸಿ ಯಿನ್ ಲಿಚುವಾನ್ ನಿರ್ದೇಶಿಸಿದ ಚಿತ್ರ 2024ರಲ್ಲಿ ತೆರೆಕಂಡಿತು. ಇದನ್ನು ನೋರಾಳ ತಡವಾದ ಅವತಾರವೆಂದು ಕರೆಯುವುದು ಸುಲಭ. ಜಾನಪದ ದೃಷ್ಟಿಯಿಂದ ನೋಡಿದರೆ ಇದು ಜಿಯಾಂಗ್‌ಯೋಂಗ್‌ನ ವೃದ್ಧೆಯರ ಸಂಕಟಕಥನಕ್ಕೆ ಹೆಚ್ಚು ಹತ್ತಿರ. ಹೇಳುವವಳು ಸಾಮಾನ್ಯಳು, ವಸ್ತು ಮದುವೆಯ ನಂತರದ ಬಾಳು, ಕೇಳುವವರು ಅದೇ ಬಾಳನ್ನು ಬಾಳಿದವರು.

ಒಟ್ಟಾರೆಯಾಗಿ ಹೇಳುವುದಾದರೆ, ಚೀನೀ ಸ್ತ್ರೀತ್ವದ ಬದಲಾವಣೆಯನ್ನು ವಿಧೇಯತೆಯಿಂದ ವಿಮೋಚನೆಯತ್ತ ಸಾಗಿದ ನೇರ ರೇಖೆಯಾಗಿ ಓದುವುದು ಜನಪದ ಸಾಮಗ್ರಿಯ ಎದುರು ನಿಲ್ಲುವುದಿಲ್ಲ. ಕುಟುಂಬ, ರಾಷ್ಟ್ರ, ಪಕ್ಷ, ಮಾರುಕಟ್ಟೆ ಇವೆಲ್ಲ ಹೆಣ್ಣಿನ ಕಥೆಯನ್ನು ಎತ್ತಿಕೊಂಡು ತಮತಮಗೆ ಬೇಕಾದಂತೆ ಮುಗಿಸಿವೆ. ಈ ಮುಕ್ತಾಯಗಳಲ್ಲಿ ಕೆಲವು ನಿಜವಾದ ಹಕ್ಕುಗಳನ್ನು ತಂದವು: ವಿಚ್ಛೇದನ, ಆಸ್ತಿ, ಅಕ್ಷರ, 2016ರಲ್ಲಿ ಜಾರಿಯಾದ ಕೌಟುಂಬಿಕ ಹಿಂಸೆ ವಿರೋಧಿ ಕಾನೂನು. ಅವುಗಳನ್ನು ಹಗುರವಾಗಿ ಕಾಣಲಾಗದು. ಆದರೆ ಮುಲಾನ್‌ಳ ಮೊಲಗಳು, ಚೆನ್ ದುವಾನ್‌ಶೆಂಗ್ ಬರೆಯದೆ ಬಿಟ್ಟ ಸಂಪುಟಗಳು, ತಾವೇ ಬಾಚಿಕೊಂಡ ಮುಡಿಗಳು ಬೇರೊಂದನ್ನು ಸೂಚಿಸುತ್ತವೆ. ಹೆಣ್ಣಿನ ಕಥನವನ್ನು ಸಂಗ್ರಹಿಸುವ, ಸಂಪಾದಿಸುವ, ಪರಂಪರೆಯ ಪಟ್ಟಿಗೆ ಸೇರಿಸುವ ಜಾನಪದ ವಿದ್ವತ್ತೂ ಮುಕ್ತಾಯ ಬರೆಯುವ ಈ ಅಧಿಕಾರದಲ್ಲಿ ಪಾಲುದಾರ. ಪಠ್ಯದ ಜೊತೆಗೆ ಅದನ್ನು ಕೇಳುತ್ತಿದ್ದ ಕೂಟವನ್ನೂ, ವಕ್ತೃ ಎಲ್ಲಿ ನಿಲ್ಲಿಸಿದಳೆಂಬುದನ್ನೂ ದಾಖಲಿಸುವುದು ಅದರ ಹೊಣೆ.